ಮಂಜಿನ ಮರೆಯ ಬೆಟ್ಟದ ಕೋಟೆ

ಭಾನುವಾರ ಬೆಳಗ್ಗೆ ಮೈಸೂರಿನಿಂದ ಹೊರಟು ಸಂಜೆಯೊಳಗೆ ಮನೆ ಸೇರಬೇಕೆನ್ನುವ ಗೆಳೆಯರ ತಂಡಗಳಿಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಹೇಳಿ ಮಾಡಿಸಿದ ಜಾಗ. ಗುಂಡ್ಲುಪೇಟೆ ದಾಟಿ, ಹಂಗಳದಲ್ಲಿ ಊಟಿ ರಸ್ತೆ ಬಿಟ್ಟು ಬಲಕ್ಕೆ ಹೊರಳಿದರೆ ಬೆಟ್ಟದ ಬುಡ. ಅಲ್ಲಿ ಸ್ವಂತ ವಾಹನ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ ಹತ್ತಬೇಕು. 1454 ಮೀಟರ್ ಎತ್ತರದ ನೆತ್ತಿಯಲ್ಲಿ ಮಂಜು, ಗಾಳಿ, ಹುಲ್ಲುಗಾವಲು. ವೇಣುಗೋಪಾಲನ ದರ್ಶನ ಮಾಡಿ, ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ತಾವು ನಿಂತಿದ್ದು ಒಂದು ಹಳೆಯ ಕೋಟೆಯಲ್ಲಿ ಎಂಬುದು ಹೆಚ್ಚಿನವರಿಗೆ ಗೊತ್ತಾಗುವುದೇ ಇಲ್ಲ.

ಈ ಬೆಟ್ಟಕ್ಕೆ 'ಬೆಟ್ಟದ ಕೋಟೆ' ಎಂಬ ಹೆಸರೂ ಇತ್ತು. ನವ ದಣ್ಣಾಯಕರೆಂಬ ಒಂಬತ್ತು ಮಂದಿ ಸೋದರರು ಇದನ್ನು ಕಟ್ಟಿದರು, ಆಮೇಲೆ ತಮ್ಮತಮ್ಮಲ್ಲೇ ಜಗಳವಾಡಿ ಕೆಟ್ಟರು ಎನ್ನುತ್ತದೆ ಜನಪದ. ದಣ್ಣಾಯಕ ಎಂದರೆ ದಂಡನಾಯಕ, ಸೇನಾಪತಿ. ಒಂಬತ್ತರ ಲೆಕ್ಕ ಕತೆಯದಿರಬಹುದು, ದಣ್ಣಾಯಕರು ಮಾತ್ರ ಕತೆಯಲ್ಲ. ಹೊಯ್ಸಳ ಮೂರನೇ ನರಸಿಂಹನ ಮಂತ್ರಿಯಾಗಿದ್ದ ಪೆರುಮಾಳೆ ದಣ್ಣಾಯಕನ ಮಗ ಮಾಧವ ದಣ್ಣಾಯಕ, ಮೂರನೇ ಬಲ್ಲಾಳನ ಕಾಲದಲ್ಲಿ ಹತ್ತಿರದ ತೆರಕಣಾಂಬಿಯಿಂದ ಈ ಸೀಮೆಯನ್ನು ಆಳುತ್ತಿದ್ದ. ಬೆಟ್ಟದ ದೇವಾಲಯ 1315ರ ಸುಮಾರಿನದೆಂದು ಹೇಳುತ್ತಾರೆ.

ಆ ಇಸವಿಯನ್ನು ಸ್ವಲ್ಪ ಗಮನಿಸಬೇಕು. 1311ರಲ್ಲಿ ಮಲಿಕ್ ಕಾಫರನ ದಂಡು ದೋರಸಮುದ್ರಕ್ಕೆ ಬಂದು ಹೋಗಿತ್ತು. ರಾಜಧಾನಿ ಪೆಟ್ಟು ತಿಂದು ನಾಲ್ಕೇ ವರ್ಷ. ಹಾಗಿದ್ದರೂ ರಾಜ್ಯದ ತೆಂಕಣ ಅಂಚಿನಲ್ಲಿ ಸೇನಾಪತಿಗಳ ಆಡಳಿತ ನಿಂತಿರಲಿಲ್ಲ. ಬೆಟ್ಟದ ಮೇಲಿನಿಂದ ನೋಡಿದರೆ ಕಾರಣ ಹೊಳೆಯುತ್ತದೆ. ಒಂದು ಕಡೆ ಗುಂಡ್ಲುಪೇಟೆಯ ಬಯಲು, ಇನ್ನೊಂದು ಕಡೆ ನೀಲಗಿರಿಯ ಸಾಲು. ಬಯಲಿಗೂ ಘಟ್ಟಕ್ಕೂ ನಡುವೆ ಇದಕ್ಕಿಂತ ಒಳ್ಳೆಯ ಕಾವಲು ಅಟ್ಟಣೆ ಸಿಗುವುದು ಕಷ್ಟ.

ಇದೇ ಮನೆತನಕ್ಕೆ ಕೆಳಗೆ ಇನ್ನೊಂದು ಕೋಟೆಯಿತ್ತು. ಬಂಡೀಪುರದ ತೆಂಕಣ ಅಂಚಿನಲ್ಲಿ ಹರಿಯುವ ಮೋಯಾರ್ ನದಿ ಮುಂದೆ ತಮಿಳುನಾಡಿನಲ್ಲಿ ಭವಾನಿಯನ್ನು ಸೇರುತ್ತದೆ. ಆ ಸಂಗಮದ ಬಳಿ ಇದ್ದದ್ದು ದಣ್ಣಾಯಕನ ಕೋಟೆ. 1955ರಲ್ಲಿ ಭವಾನಿಸಾಗರ ಅಣೆಕಟ್ಟು ಮುಗಿದಾಗ ಕೋಟೆಯೂ ಅದರೊಳಗಿನ ಮಾಧವರಾಯನ ಗುಡಿಯೂ ಮುಳುಗಿದವು. ಬರಗಾಲದಲ್ಲಿ ನೀರು ತೀರಾ ಇಳಿದರೆ ಗುಡಿ ಮತ್ತೆ ಕಾಣುತ್ತದೆ, ಆಗ ಜನ ನೋಡಲು ಹೋಗುತ್ತಾರೆ. ಒಂದು ಕೋಟೆಯನ್ನು ನೀರು ನುಂಗಿತು, ಬೆಟ್ಟದ್ದನ್ನು ಕಾಡು.

ಕಾಡಿನ ಕತೆಯೂ ಈ ದೇವರಿಂದಲೇ ಶುರು. 1931ರಲ್ಲಿ ಮೈಸೂರು ಮಹಾರಾಜರ ಆಡಳಿತ 90 ಚದರ ಕಿಲೋಮೀಟರಿನ ಅಭಯಾರಣ್ಯ ಮಾಡಿದಾಗ ಅದಕ್ಕಿಟ್ಟ ಹೆಸರು ವೇಣುಗೋಪಾಲ ವನ್ಯಜೀವಿ ಉದ್ಯಾನ. ಅದು ಬೆಳೆದು, 1973ರ ಹುಲಿ ಯೋಜನೆಯಲ್ಲಿ ಬಂಡೀಪುರವಾಯಿತು. ಮೂಲ ಹೆಸರು ಮರೆತೇಹೋಗಿದೆ. ಅದೇ, ಬೆಟ್ಟದಲ್ಲಿ ಕಾಗೆಗಳಿಲ್ಲ, ಹಂಸತೀರ್ಥದಲ್ಲಿ ಮಿಂದ ಕಾಗೆಗಳು ಹಂಸಗಳಾದವು ಎಂಬ ಐತಿಹ್ಯವನ್ನು ಯಾರೂ ಮರೆತಿಲ್ಲ!

ಹಾಗಾಗಿ ಇಲ್ಲಿ ಕೋಟೆ ಹುಡುಕುತ್ತಾ ಪೊದೆ ನುಗ್ಗುವಂತಿಲ್ಲ. ಅದು ಸರಿಯೇ. ಆನೆಗಳು ದೇವಾಲಯದ ಅಂಗಳದವರೆಗೂ ಬರುವ ಜಾಗ ಇದು. ಮೆಕ್ಸಿಕೊದಲ್ಲಿ ಮಾಯಾ ಜನರ ಚಿಚೆನ್ ಇಟ್ಜಾ ಪಿರಮಿಡ್ಡಿನ ಮೆಟ್ಟಿಲು ಹತ್ತಲು ಈಗ ಬಿಡುವುದಿಲ್ಲ, ಪ್ರವಾಸಿಗರು ಕೆಳಗೇ ನಿಲ್ಲಬೇಕು. ಆದರೆ ಕೆಳಗೆ ನಿಂತವರಿಗೂ ಎದುರಿಗಿರುವುದು ಏನು ಎಂಬುದು ಗೊತ್ತಿರುತ್ತದೆ. ನಮ್ಮ ಬೆಟ್ಟದಲ್ಲಿ ಕತೆ ಹೇಳುವುದಕ್ಕೆ ಒಳ್ಳೆಯ ಹೊತ್ತೊಂದಿದೆ: ಬುಡದಲ್ಲಿ ಬಸ್ಸಿಗಾಗಿ ಕಾಯುವ ಹೊತ್ತು. ಸಾಲಿನಲ್ಲಿ ನಿಂತ ಹುಡುಗರು ಆಗ ತಲೆಯೆತ್ತಿ ನೋಡುವುದು ಹೇಗೂ ಬೆಟ್ಟವನ್ನೇ.