ಧ್ವಜವಲ್ಲ, ದೇಹ

ಸುರಪುರದವರಿಗೆ ಧ್ವಜದ ಮಾನ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ. 1858ರಲ್ಲಿ ರಾಜಾ ವೆಂಕಟಪ್ಪನಾಯಕರ ಸಂಸ್ಥಾನ ಇಂಗ್ಲಿಷರ ಕೈಸೇರಿದ ಕಥೆಯನ್ನು ಇಲ್ಲಿ ಮಕ್ಕಳೂ ಬಲ್ಲರು. ಇಂಥ ಊರಿನಲ್ಲಿ ಕನ್ನಡ ಪಾಠ ಹೇಳುವ ನನ್ನ ಬಳಿಗೆ ಒಂದು ಸಂಜೆ, ಹೊಸದಾಗಿ ಮದುವೆಯಾದ ಹಳೆಯ ಶಿಷ್ಯನೊಬ್ಬ ಬಂದ. ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದು, “ಸರ್, ಧ್ವಜಭಂಗ ಅಂದ್ರೇನ್ರೀ?” ಎಂದು ಕೇಳಿದ. ಜಾತ್ರೆಯಲ್ಲಿ ಔಷಧ ಮಾರುವವನೊಬ್ಬ ಆ ಮಾತು ಹೇಳಿ ಹೆದರಿಸಿ ಹಣ ಕಿತ್ತಿದ್ದನಂತೆ.

ಸಂಸ್ಕೃತದಲ್ಲಿ ಧ್ವಜವೆಂದರೆ ಬಾವುಟವೂ ಹೌದು, ಪುರುಷಾಂಗವೂ ಹೌದು. ಚರಕಸಂಹಿತೆ ಹೇಳುವ ನಾಲ್ಕು ಬಗೆಯ ಕ್ಲೈಬ್ಯಗಳಲ್ಲಿ ಧ್ವಜಭಂಗ ಒಂದು. ವೈದ್ಯರಿಗೆ ಅದು ರೋಗದ ಹೆಸರು. ಕೇಳಿದವನಿಗೆ ಮಾತ್ರ ಸೋಲಿನ ಹೆಸರು. ಆದರೆ ನಮ್ಮ ಹಿರಿಯರು ಈ ವಿಷಯಕ್ಕೆ ನಾಚಿದವರಲ್ಲ. ಹನ್ನೊಂದನೆಯ ಶತಮಾನದಲ್ಲಿಯೇ ಚಂದ್ರರಾಜನು ಕಾಮಶಾಸ್ತ್ರವನ್ನು ಕುರಿತು ‘ಮದನತಿಲಕ’ವನ್ನು ಕನ್ನಡದಲ್ಲಿ ಬರೆದನು. ಶೋಕ, ಚಿಂತೆ, ಭಯಗಳೂ ಕ್ಲೈಬ್ಯಕ್ಕೆ ಕಾರಣವೆಂದು ಚರಕಸಂಹಿತೆಯೇ ಹೇಳಿದೆ.

ಅಂಗವು ನಿಮಿರುವುದು ವಾಯುವಿನಿಂದ ಎಂದು ಪ್ರಾಚೀನ ಗ್ರೀಕರು ನಂಬಿದ್ದರು. ಸುಮಾರು 500 ವರ್ಷಗಳ ಹಿಂದೆ ಲಿಯೊನಾರ್ಡೊ ಡ ವಿಂಚಿ, ಗಲ್ಲಿಗೇರಿದವರ ಶವಗಳನ್ನು ನೋಡಿ, ಅಲ್ಲಿ ತುಂಬಿರುವುದು ಗಾಳಿಯಲ್ಲ, ರಕ್ತ ಎಂದು ಬರೆದಿಟ್ಟನು. 1863ರಲ್ಲಿ ಜರ್ಮನಿಯ ಎಕ್‌ಹಾರ್ಡ್, ನಾಯಿಗಳ ಮೇಲೆ ಪ್ರಯೋಗ ಮಾಡಿ, ಇದನ್ನು ನಡೆಸುವ ನರಗಳನ್ನು ಗುರುತಿಸಿದನು. ಉಳಿದ ಗುಟ್ಟು ಬಯಲಾದದ್ದು ಇಪ್ಪತ್ತನೆಯ ಶತಮಾನದ ಕೊನೆಗೆ. ಅಂಗದೊಳಗಿನ ಸ್ಪಂಜಿನಂಥ ಭಾಗದ ಸ್ನಾಯುಗಳು ಸದಾ ಬಿಗಿದುಕೊಂಡು, ರಕ್ತ ಹೆಚ್ಚಾಗಿ ನುಗ್ಗದಂತೆ ತಡೆದಿರುತ್ತವೆ. ನರಗಳು ನೈಟ್ರಿಕ್ ಆಕ್ಸೈಡನ್ನು ಹೊರಬಿಟ್ಟಾಗ ಅವು ಸಡಿಲಗೊಳ್ಳುತ್ತವೆ, ರಕ್ತ ತುಂಬುತ್ತದೆ, ಉಬ್ಬಿದ ಭಾಗವೇ ಸಿರೆಗಳನ್ನು ಒತ್ತಿ ಆ ರಕ್ತವನ್ನು ಹಿಡಿದಿಡುತ್ತದೆ. ರಕ್ತನಾಳಗಳಲ್ಲಿ ಇದೇ ಅನಿಲದ ಕೆಲಸವನ್ನು ತೋರಿಸಿದ ಮೂವರಿಗೆ 1998ರಲ್ಲಿ ನೊಬೆಲ್ ಬಹುಮಾನ ಬಂದಿತು.

ಇಲ್ಲಿಯೇ ಇದೆ ಸ್ವಾರಸ್ಯ. ಬಿಗಿತವೆಂದು ನಾವು ತಿಳಿದದ್ದು ಹುಟ್ಟುವುದು ಸಡಿಲಿಕೆಯಿಂದ! ಹೆದರಿದವನ ದೇಹದಲ್ಲಿ ಆ ಸ್ನಾಯುಗಳು ಮತ್ತೆ ಬಿಗಿಯುತ್ತವೆ. ಮಾನ ಹೋದೀತೆಂಬ ಅಂಜಿಕೆಯೇ ಮಾನ ಕಳೆಯುತ್ತದೆ. ಜಾತ್ರೆಯವನು ಮಾರಿದ್ದು ಔಷಧವನ್ನಲ್ಲ, ರೋಗವನ್ನು.

ಯಾದಗಿರಿ, ಶಹಾಪುರ, ಸುರಪುರದ ಕಡೆ ಎತ್ತಿನ ಕಿವಿ ನೆಟ್ಟಗಾದರೆ ‘ನಿಗುರಿತು’ ಎನ್ನುತ್ತಾರೆ. ಆ ಮಾತಿನಲ್ಲಿ ಗೆಲುವಿಲ್ಲ, ಸೋಲಿಲ್ಲ. ದೇಹದ ಒಂದು ಕ್ರಿಯೆ, ಅಷ್ಟೆ. ಶಿಷ್ಯನಿಗೆ ಇದನ್ನೇ ಹೇಳಿ, “ತೊಂದರೆ ಹಾಗೇ ಉಳಿದರೆ ಡಾಕ್ಟರರಿಗೆ ತೋರಿಸಪ್ಪ. ಸಕ್ಕರೆ ರೋಗ, ಹೃದಯದ ಬೇನೆಗಳು ಕೆಲವೊಮ್ಮೆ ಮೊದಲು ಕಾಣಿಸುವುದು ಇಲ್ಲಿಯೇ” ಎಂದೆ. ಅವನು ಮೊದಲ ಸಲ ತಲೆಯೆತ್ತಿ ನೋಡಿದ.