ಜಾನುವಾರು ತ್ಯಾಜ್ಯದಲ್ಲಿ ಆಂಟಿಬಯೋಟಿಕ್ ಉಳಿಕೆ

ಹಸು, ಹಂದಿ, ಕೋಳಿಗಳಿಗೆ ಕೊಟ್ಟ ಆಂಟಿಬಯೋಟಿಕ್‌ನಲ್ಲಿ ಮೈಗೆ ಹತ್ತದ ಭಾಗ ಸಗಣಿ, ಗಂಜಲ, ಹಿಕ್ಕೆಯ ಜೊತೆ ಹೊರಬೀಳುತ್ತದೆ. ಟೆಟ್ರಾಸೈಕ್ಲಿನ್‌ನಂಥ ಔಷಧಿಯಲ್ಲಿ ಹೀಗೆ ಹೊರಬೀಳುವ ಪಾಲೇ ದೊಡ್ಡದು.

ಮೇವಿಗೆ ಆಂಟಿಬಯೋಟಿಕ್ ಬೆರೆಸುವ ಚರಿತ್ರೆ ಶುರುವಾಗುವುದೂ ಒಂದು ಕಸದಿಂದಲೇ. 1940ರ ದಶಕದ ಕೊನೆಗೆ ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಜ್ಯೂಕ್ಸ್ ಮತ್ತು ಸ್ಟೋಕ್‌ಸ್ಟಾಡ್, ಔಷಧಿ ತಯಾರಿಕೆಯಲ್ಲಿ ಮಿಕ್ಕ ಚರಟವನ್ನು ಕೋಳಿಮರಿಗಳಿಗೆ ತಿನ್ನಿಸಿದರು. ಹುಡುಕುತ್ತಿದ್ದುದು ಬಿ12 ವಿಟಮಿನ್. ಮರಿಗಳು ದಷ್ಟಪುಷ್ಟವಾಗಿ ಬೆಳೆದದ್ದಕ್ಕೆ ಅದರಲ್ಲಿದ್ದ ಕ್ಲೋರ್‌ಟೆಟ್ರಾಸೈಕ್ಲಿನ್ ಕೂಡ ಕಾರಣವಾಗಿತ್ತು. ಅಲ್ಲಿಂದ ಮುಂದೆ ರೋಗವಿಲ್ಲದಿದ್ದರೂ ಮೇವಿಗೆ ಔಷಧಿ ಬೆರೆಸುವುದು ರೂಢಿಯಾಯಿತು. 1969ರಲ್ಲಿ ಬ್ರಿಟನ್ನಿನ ಸ್ವಾನ್ ಸಮಿತಿ ಈ ರೂಢಿಯ ಅಪಾಯದ ಬಗ್ಗೆ ಎಚ್ಚರಿಸಿತು. 1986ರಲ್ಲಿ ಸ್ವೀಡನ್, 2006ರಲ್ಲಿ ಇಡೀ ಐರೋಪ್ಯ ಒಕ್ಕೂಟ ಬೆಳವಣಿಗೆಗಾಗಿ ಆಂಟಿಬಯೋಟಿಕ್ ಕೊಡುವುದನ್ನು ನಿಷೇಧಿಸಿದವು. ಭಾರತ 2019ರಲ್ಲಿ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ನಿಷೇಧಿಸಿತು.

ಕರ್ನಾಟಕದ ಹೈನುಗಾರಿಕೆಯಲ್ಲಿ ಆಂಟಿಬಯೋಟಿಕ್‌ನ ದೊಡ್ಡ ಬಾಗಿಲು ಕೆಚ್ಚಲು ಬಾವು. ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸುಗಳಲ್ಲಿ ಅದರ ಕಾಟ ಹೆಚ್ಚು. ಮೊಲೆತೊಟ್ಟಿನೊಳಗೆ ಟ್ಯೂಬ್ ಔಷಧಿ ಏರಿಸುತ್ತಾರೆ. ಔಷಧಿಗೆ ಬೇರೆ ಅವಧಿ ಗೊತ್ತುಮಾಡಿರದಿದ್ದರೆ ಹಾಲು, ಮೊಟ್ಟೆಯನ್ನು ಕನಿಷ್ಠ 7 ದಿನ, ಮಾಂಸವನ್ನು 28 ದಿನ ಬಳಸಬಾರದೆಂದು ದೇಶದ ಔಷಧಿ ನಿಯಮಗಳಿಗೆ ತಂದ 2012ರ ತಿದ್ದುಪಡಿ ಹೇಳುತ್ತದೆ. ಸರಿ, ಡೇರಿಗೆ ಹಾಕಬಾರದ ಆ ಹಾಲು ಹೋಗುವುದೆಲ್ಲಿಗೆ? ಕರುವಿನ ಹೊಟ್ಟೆಗೆ, ಇಲ್ಲವೇ ತಿಪ್ಪೆಗೆ. ಕುಡಿಯುವವರನ್ನು ಕಾಯುವ ನಿಯಮ ಔಷಧಿಯನ್ನು ಹಿತ್ತಿಲಿಗೆ ದಾಟಿಸುತ್ತದೆ, ಅಷ್ಟೆ. 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಬಿಗಿಮಾಡಿದ ಮಿತಿಗಳೂ ಹಾಲು, ಮೊಟ್ಟೆ, ಮಾಂಸದವು, ಗೊಬ್ಬರದವಲ್ಲ.

ಬೆಂಗಳೂರಿನ ಜೆ.ಪಿ. ನಗರದಂಥ ಕಡೆ ತಿಪ್ಪೆಗೂ ಜಾಗವಿಲ್ಲ. ಬಡಾವಣೆ ನುಂಗಿದ ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿಗಳು ಹಿಂದೆ ದನ ಕಟ್ಟಿದ ಊರುಗಳೇ. ಹೊಲ ಸೈಟಾದ ಮೇಲೆ, ಕೊಟ್ಟಿಗೆ ಉಳಿದ ಮನೆಗಳಲ್ಲಿ ಗಂಜಲ ತೊಳೆದ ನೀರಿಗೆ ಮೋರಿಯೇ ಗತಿ. ಮೋರಿಯಿಂದ ರಾಜಕಾಲುವೆ, ಅಲ್ಲಿಂದ ಕೆರೆ. ಕೋಳಿ ಫಾರಂಗಳ ಗೊಬ್ಬರ ಮಾತ್ರ ಲಾರಿ ಹತ್ತಿ ಕೋಲಾರ, ಚಿಕ್ಕಬಳ್ಳಾಪುರದ ತೋಟ ಸೇರುತ್ತದೆ.

ಮಣ್ಣಿಗಿಳಿದ ಮೇಲೆ ಒಂದೊಂದರದು ಒಂದೊಂದು ದಾರಿ. ಪೆನ್ಸಿಲಿನ್ ಬೇಗ ಒಡೆಯುತ್ತದೆ. ಟೆಟ್ರಾಸೈಕ್ಲಿನ್ ಜೇಡಿಗೆ ಅಂಟಿಕೊಳ್ಳುತ್ತದೆ, ಸಲ್ಫಾ ಔಷಧಿ ನೀರಿನೊಂದಿಗೆ ಹರಿಯುತ್ತದೆ. ಉಳಿಕೆ ಅತ್ಯಲ್ಪವಿದ್ದರೂ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಗೆ ಅನುಕೂಲವಾಗಬಹುದು. ಗೊಬ್ಬರವನ್ನು ಒಟ್ಟಿ, ಮಗುಚಿ, ಚೆನ್ನಾಗಿ ಕಾವೇರುವಂತೆ ಕೆಲವು ವಾರ ಕೊಳೆಸಿದರೆ ಟೆಟ್ರಾಸೈಕ್ಲಿನ್ ಬಹುಪಾಲು ಇಳಿಯುತ್ತದೆ. ಎನ್ರೋಫ್ಲಾಕ್ಸಸಿನ್ ಗುಂಪಿನವು ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ.