ಸ್ಲೈಡಿಂಗ್ ಕಿಟಕಿ ಹಾಕಿಸಿದರೆ ಮನೆ ತಂಪಾಗುತ್ತದೆಯೇ?

ಪುತ್ತೂರು, ಸುಳ್ಯ, ಕಡಬದ ಕಡೆ ಮಳೆಗಾಲದಲ್ಲಿ ಉಬ್ಬಿ ಸಿಕ್ಕಿಕೊಳ್ಳುವ ಮರದ ಕಿಟಕಿ ತೆಗೆಸಿ, ಯುಪಿವಿಸಿ ಅಥವಾ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ಹಾಕಿಸುವವರಿದ್ದಾರೆ. ಗಾಜು ದೊಡ್ಡದಾದಷ್ಟೂ ಗಾಳಿ ಹೆಚ್ಚು ಎಂಬ ನಂಬಿಕೆಯೂ ಇದೆ. ಇದು ನಿಜವೇ? ನೋಡೋಣ.

ನಮ್ಮಲ್ಲಿನ ಸೆಕೆಗೆ ತೇವಾಂಶವೂ ಕಾರಣ. ಬೆವರು ಬೇಗ ಆರುವುದಿಲ್ಲ. ಮೈಗೆ ಗಾಳಿ ತಾಗಿದರಷ್ಟೇ ಹಾಯೆನಿಸುತ್ತದೆ. ಹಾಗಾಗಿ ಮುಖ್ಯವಾದುದು ಗಾಜಿನ ಅಳತೆಯಲ್ಲ, ಕಿಟಕಿ ತೆರೆದುಕೊಳ್ಳುವ ಜಾಗ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಬಿಸಿ ಮತ್ತು ತೇವದ ಪ್ರದೇಶದಲ್ಲಿ ಇದು ಕೋಣೆಯ ನೆಲದ ಕನಿಷ್ಠ ಆರನೇ ಒಂದು ಭಾಗವಿರಬೇಕು. ಅಂದರೆ 120 ಚದರ ಅಡಿಯ ಕೋಣೆಗೆ 20 ಚದರ ಅಡಿ. ಆದರೆ 20 ಚದರ ಅಡಿಯ, ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿಯಲ್ಲಿ ಒಮ್ಮೆಗೆ ತೆರೆಯುವುದು ಅರ್ಧವಷ್ಟೇ. ಹೊರಕ್ಕೆ ತೆರೆಯುವ ಕಿಟಕಿಯಲ್ಲಿ ಬಹುತೇಕ ಪೂರ್ತಿ ಜಾಗ ಸಿಗುತ್ತದೆ.

ಯುಪಿವಿಸಿ ಉಬ್ಬುವುದಿಲ್ಲ, ಗೆದ್ದಲು ತಿನ್ನುವುದಿಲ್ಲ ಎಂಬುದು ನಿಜ. ಅಲ್ಯೂಮಿನಿಯಂ ಕೂಡ ಹಾಗೆಯೇ, ಆದರೆ ಬಿಸಿಲಿಗೆ ಬೇಗ ಕಾಯುತ್ತದೆ. ಎರಡು ಪದರದ ಗಾಜು ಎಸಿ ಹಾಕಿ ಮುಚ್ಚಿಟ್ಟ ಕೋಣೆಗೆ ಉಪಯುಕ್ತ. ಕಿಟಕಿ ತೆರೆದೇ ಇಡುವವರಿಗೆ ಅದರ ಲಾಭ ಕಡಿಮೆ. ಬಿಸಿಲು ಗಾಜು ದಾಟಿ ಬಂದ ಮೇಲೆ ಪರದೆ ಎಳೆಯುವುದಕ್ಕಿಂತ, ಹೊರಗಿನ ಅಗಲವಾದ ಸಜ್ಜವೇ ಒಳ್ಳೆಯದು. ಅದು ಮಳೆಯ ಎರಚಲನ್ನೂ ತಡೆಯುತ್ತದೆ.

ಡೆಂಗಿ ಹರಡುವ ಸೊಳ್ಳೆ ಹಗಲಲ್ಲೇ ಕಚ್ಚುವುದರಿಂದ ಸೊಳ್ಳೆ ಜಾಲರಿ ಬೇಕೇ ಬೇಕು. ಜಾಲರಿ ಗಾಳಿಯನ್ನು ಸ್ವಲ್ಪ ತಡೆಯುತ್ತದೆ. ಹಾಗಾಗಿ ತೆರೆಯುವ ಜಾಗ ಇನ್ನಷ್ಟು ದೊಡ್ಡದಿದ್ದರೆ ಉತ್ತಮ.

ಹಳೆಯ ದಾರಂದ ಗಟ್ಟಿಯಿದ್ದರೆ ಬದಲಿಸುವ ಅಗತ್ಯವೇ ಇಲ್ಲದಿರಬಹುದು. ಬೇಸಿಗೆಯಲ್ಲಿ, ಮರ ಒಣಗಿರುವಾಗ, ಬಣ್ಣ ಕಾಣದ ಮೇಲಿನ ಮತ್ತು ಕೆಳಗಿನ ಅಂಚುಗಳಿಗೂ ಬಣ್ಣ ಹಚ್ಚಿದರೆ ಮರ ಹೀರುವ ತೇವ ಕಡಿಮೆಯಾಗುತ್ತದೆ.